ಪರದೆಯ ಮೇಲೆ ನಮ್ಮ ಅಕ್ಷರ: ಗ್ರಾಫಿಕ್ಸ್ ಕಾರ್ಡು ನಡೆದು ಬಂದ ದಾರಿ

ಎನ್. ಬೇಗೂರಿನಿಂದಾಗಲಿ, ಹುಣಸೂರು ಪಿರಿಯಾಪಟ್ಟಣಗಳಿಂದಾಗಲಿ ಕಂಪ್ಯೂಟರ್ ಕೊಳ್ಳಲು ಮೈಸೂರಿಗೆ ಹೋಗುವ ವಿದ್ಯಾರ್ಥಿಗೆ ಅಂಗಡಿಯವರು ತಪ್ಪದೆ ಕೇಳುವ ಒಂದು ಪ್ರಶ್ನೆಯಿದೆ: "ಗ್ರಾಫಿಕ್ಸ್ ಕಾರ್ಡ್ ಬೇರೆ ಹಾಕಿಸಬೇಕೆ?" ಹಾಕಿಸಿದರೆ ಬೆಲೆ ಒಮ್ಮೆಗೇ ಏರುತ್ತದೆ. ಹಾಕಿಸದಿದ್ದರೆ ಮುಂದೆ ತೊಂದರೆಯಾದೀತೇನೋ ಎಂಬ ಅಳುಕು. ಕಾರ್ಡಿನ ಪೆಟ್ಟಿಗೆಯ ಮೇಲೆ ಅಂಕಿಗಳ ಸಾಲು ಸಾಲು. ತಂದೆಯವರು ಮಗನ ಮುಖ ನೋಡುತ್ತಾರೆ, ಮಗ ಅಂಗಡಿಯವರ ಮುಖ ನೋಡುತ್ತಾನೆ. ಈ ಅಂಕಿಗಳು ಎಲ್ಲಿಂದ ಬಂದವು ಎಂಬುದನ್ನು ತಿಳಿಯಬೇಕಾದರೆ ನಲವತ್ತು ವರ್ಷಗಳಷ್ಟು ಹಿಂದಕ್ಕೆ ಹೋಗಬೇಕು. ಗ್ರಾಫಿಕ್ಸ್ ಕಾರ್ಡು ಎಂದರೆ ಆಟದ ಸಾಮಾನು ಎಂದು ಬಹಳ ಜನರ ಎಣಿಕೆ. ಆದರೆ ಅದರ ಇತಿಹಾಸದಲ್ಲಿ ಕನ್ನಡ ಲಿಪಿಯ ಪಾಡೂ ಇದೆ, ಉರ್ದು ಲಿಪಿಯ ಪಾಡೂ ಇದೆ. ಪತ್ರಿಕೆಗಳಲ್ಲಿ ಈ ಭಾಗ ಅಷ್ಟಾಗಿ ಬಂದಿಲ್ಲವಾದ್ದರಿಂದ ಇಲ್ಲಿ ಅದಕ್ಕೇ ಹೆಚ್ಚು ಜಾಗ ಕೊಡಲಾಗಿದೆ.

ಕಂಪ್ಯೂಟರಿನ ಮುಖ್ಯ ಸಂಸ್ಕಾರಕಕ್ಕೆ ಗೊತ್ತಿರುವುದು ಸಂಖ್ಯೆ ಮಾತ್ರ. ಮಾನಿಟರಿಗೆ ಬೇಕಾದದ್ದು ಚುಕ್ಕೆಗಳು, ಅಂದರೆ ಪಿಕ್ಸೆಲ್‌ಗಳು. ಸಂಖ್ಯೆಯನ್ನು ಚುಕ್ಕೆಯಾಗಿಸಿ, ತನ್ನ ನೆನಪಿನಲ್ಲಿ ಇಟ್ಟುಕೊಂಡು, ಸೆಕೆಂಡಿಗೆ ಹಲವು ಹತ್ತು ಬಾರಿ ಪರದೆಗೆ ಕಳುಹಿಸುವ ಕೆಲಸ ಗ್ರಾಫಿಕ್ಸ್ ಕಾರ್ಡಿನದು.

1981ರ ಆಗಸ್ಟ್‌ನಲ್ಲಿ ಐಬಿಎಂ ಸಂಸ್ಥೆಯು ತನ್ನ ಪರ್ಸನಲ್ ಕಂಪ್ಯೂಟರನ್ನು ಮಾರುಕಟ್ಟೆಗೆ ತಂದಾಗ ಅದರೊಂದಿಗೆ ಎರಡು ಬಗೆಯ ಕಾರ್ಡುಗಳಿದ್ದವು. ಒಂದು ಎಂಡಿಎ. ಇದು ಅಕ್ಷರಗಳನ್ನಷ್ಟೇ ತೋರಿಸುತ್ತಿತ್ತು, ಚಿತ್ರ ಬರೆಯಲು ಬರುತ್ತಿರಲಿಲ್ಲ. ಸಾಲಿಗೆ 80 ಅಕ್ಷರ, ಒಟ್ಟು 25 ಸಾಲು. ಪ್ರತಿ ಅಕ್ಷರಕ್ಕೆ 2 ಬೈಟಿನಂತೆ 4,000 ಬೈಟ್ ಸಾಕಾದ್ದರಿಂದ ಕಾರ್ಡಿನ ನೆನಪು 4 ಕೆಬಿ ಮಾತ್ರ. ಇನ್ನೊಂದು ಸಿಜಿಎ. ಅದರಲ್ಲಿ 16 ಕೆಬಿ ನೆನಪಿತ್ತು. ಅಗಲಕ್ಕೆ 320, ಎತ್ತರಕ್ಕೆ 200 ಚುಕ್ಕೆಗಳಲ್ಲಿ ನಾಲ್ಕು ಬಣ್ಣ, 640 ಚುಕ್ಕೆಯಾದರೆ ಎರಡೇ ಬಣ್ಣ.

ಈ ಕಾರ್ಡುಗಳಲ್ಲಿ ಅಕ್ಷರದ ಆಕಾರಗಳನ್ನು ಕಾರ್ಖಾನೆಯಲ್ಲೇ ಒಂದು ಚಿಪ್ಪಿನಲ್ಲಿ ಕೆತ್ತಿಬಿಡುತ್ತಿದ್ದರು. ಒಟ್ಟು 256 ಆಕಾರಗಳು. ಇಂಗ್ಲಿಷಿನ ಅಕ್ಷರ, ಅಂಕಿ, ಯುರೋಪಿನ ಕೆಲವು ಅಕ್ಷರ, ಕೋಷ್ಟಕ ಬರೆಯುವ ಗೆರೆಗಳು ಇಷ್ಟಕ್ಕೆ ಅದು ಭರ್ತಿ. ಕನ್ನಡದ ಲೆಕ್ಕ ಹಾಕಿ ನೋಡೋಣ. 34 ವ್ಯಂಜನಗಳಿಗೆ ಕಾಗುಣಿತದ 15 ರೂಪಗಳಂತೆ 510 ಆಕಾರಗಳಾದವು. ಇನ್ನು ಒತ್ತಕ್ಷರ ಮುಟ್ಟಿಯೇ ಇಲ್ಲ! ಜಾಗದ ತೊಂದರೆಯೂ ಸಣ್ಣದಲ್ಲ. 200 ಚುಕ್ಕೆ ಎತ್ತರದಲ್ಲಿ 25 ಸಾಲು ಎಂದರೆ ಒಂದು ಅಕ್ಷರಕ್ಕೆ 8 ಚುಕ್ಕೆ ಎತ್ತರ. ಇಂಗ್ಲಿಷಿನ 'ಎ' ಅದರಲ್ಲಿ ಹೇಗೋ ಕುಳಿತೀತು. 'ಸ್ತ್ರೀ' ಎಂಬ ನಮ್ಮ ಒಂದಕ್ಷರ ಎಂಟು ಚುಕ್ಕೆಯಲ್ಲಿ ಹಿಡಿಸುವುದು ಹೇಗೆ? ಮೇಲೆ ಗುಣಿತ, ಕೆಳಗೆ ಒತ್ತು, ಅದರ ಪಕ್ಕದಲ್ಲಿ ಇನ್ನೊಂದು ಒತ್ತು.

ಇದೇ ಕಷ್ಟವನ್ನು ಇನ್ನೊಂದು ದೇಶದ ವಿದ್ಯಾರ್ಥಿಯೂ ಅನುಭವಿಸಿದ್ದ. ಥಾಯ್ಲೆಂಡಿನ ವ್ಯಾನ್ ಸುವನ್ನುಕುಲ್ ಎಂಬವರಿಗೆ ತಮ್ಮ ಸಂಶೋಧನಾ ಪ್ರಬಂಧದ ಕೆಲಸವನ್ನು ಐಬಿಎಂ ಕಂಪ್ಯೂಟರಿನಲ್ಲಿ ಥಾಯ್ ಲಿಪಿಯಲ್ಲಿ ಮಾಡಬೇಕಿತ್ತು. ಥಾಯ್ ಲಿಪಿಯೂ ನಮ್ಮ ಲಿಪಿಗಳಂತೆ ಬ್ರಾಹ್ಮಿಯ ವಂಶದ್ದೇ, ಮೇಲೂ ಕೆಳಗೂ ಚಿಹ್ನೆ ಹೊತ್ತದ್ದು. ಮಾರುಕಟ್ಟೆಯ ಕಾರ್ಡುಗಳು ಇದಕ್ಕೆ ಒದಗದಿದ್ದಾಗ ಅವರು 1982ರಲ್ಲಿ ತಾವೇ ಒಂದು ಕಾರ್ಡನ್ನು ರೂಪಿಸಿದರು. ಅದೇ ಹರ್ಕ್ಯುಲಿಸ್ ಗ್ರಾಫಿಕ್ಸ್ ಕಾರ್ಡು. ಅಗಲ 720, ಎತ್ತರ 348 ಚುಕ್ಕೆಗಳು. ಒಂದೇ ಬಣ್ಣವಾದರೂ ಪ್ರತಿಯೊಂದು ಚುಕ್ಕೆಯನ್ನೂ ಬೇರೆಬೇರೆಯಾಗಿ ಬೆಳಗಿಸಬಹುದಿತ್ತು. ಒಂದು ಪರದೆಗೆ 31,320 ಬೈಟ್ ಬೇಕು, ಕಾರ್ಡಿನಲ್ಲಿದ್ದದ್ದು 64 ಕೆಬಿ, ಹೀಗಾಗಿ ಎರಡು ಪರದೆಯಷ್ಟು ಚಿತ್ರ ಹಿಡಿಸುತ್ತಿತ್ತು. ಆಮೇಲೆ ಲೆಕ್ಕಪತ್ರದ ಕಂಪನಿಗಳೂ ಇಂಜಿನಿಯರುಗಳೂ ಇದನ್ನು ಕೊಂಡು ಜಗತ್ತಿಗೆಲ್ಲ ಹರಡಿದರು. ತನ್ನ ತಾಯ್ನುಡಿಯ ಅಕ್ಷರ ಮೂಡಲಿಲ್ಲ ಎಂಬ ಒಬ್ಬ ವಿದ್ಯಾರ್ಥಿಯ ಕೊರಗು ಒಂದು ಉದ್ಯಮವನ್ನೇ ಹುಟ್ಟಿಸಿತು ಎಂಬುದು ಗಮನಿಸಬೇಕಾದ ಸಂಗತಿ.

ನಮ್ಮ ದೇಶದಲ್ಲಿ ಈ ಕೆಲಸ ಕಾನ್ಪುರದ ಐಐಟಿಯಲ್ಲಿ ನಡೆಯಿತು. ಆರ್.ಎಂ.ಕೆ. ಸಿನ್ಹಾ, ಮೋಹನ್ ತಾಂಬೆ ಮೊದಲಾದವರು 1980ರ ದಶಕದಲ್ಲಿ ಭಾರತೀಯ ಲಿಪಿಗಳಿಗೆಲ್ಲ ಒಗ್ಗುವ ಒಂದು ತಂತ್ರವನ್ನು ಕಟ್ಟಿದರು. ಅದಕ್ಕೆ 'ಜಿಸ್ಟ್' ಎಂದು ಹೆಸರು. 1988ರಲ್ಲಿ ಪುಣೆಯಲ್ಲಿ ಸಿ-ಡ್ಯಾಕ್ ಸ್ಥಾಪನೆಯಾದ ಮೇಲೆ ಈ ಕೆಲಸ ಅಲ್ಲಿಗೆ ಹೋಯಿತು. ಜಿಸ್ಟ್ ಎಂಬುದು ಮದರ್‌ಬೋರ್ಡಿನ ಖಾಲಿ ಗಾಡಿಯಲ್ಲಿ, ಅಂದರೆ ಸ್ಲಾಟಿನಲ್ಲಿ, ಕೂರಿಸುವ ಕಾರ್ಡು. ಡಾಸ್ ಕಾಲದ ವರ್ಡ್‌ಸ್ಟಾರ್, ಡಿಬೇಸ್ ಮುಂತಾದ ತಂತ್ರಾಂಶಗಳಿಗೆ ಕನ್ನಡದ ಗಂಧವೇ ಇರಲಿಲ್ಲ. ಅವು ಕೇವಲ ಸಂಕೇತಗಳನ್ನು ಕಳುಹಿಸುತ್ತಿದ್ದವು. ಆ ಸಂಕೇತವನ್ನು ನಡುವೆ ಹಿಡಿದು, ಯಾವ ವ್ಯಂಜನಕ್ಕೆ ಯಾವ ಒತ್ತು ಸೇರಬೇಕೆಂದು ನಿರ್ಧರಿಸಿ, ಆಕಾರ ಬರೆದು ಪರದೆಗೆ ಕೊಡುವುದು ಕಾರ್ಡಿನ ಕೆಲಸ.

ಇದಕ್ಕೆ ಬೆನ್ನೆಲುಬಾಗಿದ್ದದ್ದು ಇಸ್ಕಿ ಎಂಬ ಸಂಕೇತ ಪಟ್ಟಿ. ಭಾರತೀಯ ಮಾನಕ ಸಂಸ್ಥೆಯು 1991ರಲ್ಲಿ ಇದನ್ನು ಮಾನಕವಾಗಿ ಪ್ರಕಟಿಸಿತು. ಇದರ ಚಮತ್ಕಾರವೆಂದರೆ ದೇವನಾಗರಿಯ 'ಕ'ಕ್ಕೂ ಕನ್ನಡದ 'ಕ'ಕ್ಕೂ ಒಂದೇ ಸಂಕೇತ. ಹೆಸರನ್ನು ಹಿಂದಿಯಲ್ಲಿ ಟೈಪು ಮಾಡಿ, ಲಿಪಿ ಬದಲಿಸಿದರೆ ಅದೇ ಹೆಸರು ಕನ್ನಡದಲ್ಲಿ ಮೂಡುತ್ತಿತ್ತು. ಆದರೆ ಉರ್ದು ಈ ಪಂಕ್ತಿಯಲ್ಲಿ ಕೂರಲಿಲ್ಲ. ಬಲದಿಂದ ಎಡಕ್ಕೆ ಸಾಗುವ, ಪದದ ಆದಿ, ಮಧ್ಯ, ಅಂತ್ಯಗಳಲ್ಲಿ ರೂಪ ಬದಲಿಸುವ ಆ ಲಿಪಿಗೆ ಬೇರೆಯದೇ ಸಂಕೇತ ಪಟ್ಟಿಯನ್ನು ರಚಿಸಬೇಕಾಯಿತು. ಅದರಲ್ಲೂ ನಸ್ತಾಲೀಕ್ ಶೈಲಿಯು ಓರೆಯಾಗಿ ಇಳಿಯುತ್ತ ಸಾಗುವುದರಿಂದ ಚೌಕಟ್ಟಿನಲ್ಲಿ ಅಕ್ಷರ ಕೂರಿಸುವ ಹಳೆಯ ಕಾರ್ಡುಗಳಿಗೆ ಅದು ದಕ್ಕುವಂತಿರಲಿಲ್ಲ. ಪಾಕಿಸ್ತಾನದ ಮಿರ್ಜಾ ಅಹಮದ್ ಜಮೀಲ್ ಅವರು ಸಾವಿರಾರು ಅಕ್ಷರಜೋಡಣೆಗಳನ್ನು ಕೈಯಲ್ಲಿ ಬರೆದು ರೂಪಿಸಿದ ನೂರಿ ನಸ್ತಾಲೀಕ್ 1981ರಲ್ಲಿ ಬಂತು. ನಮ್ಮ ದೆಹಲಿಯಲ್ಲಿ ತಯಾರಾದ ಇನ್‌ಪೇಜ್ ತಂತ್ರಾಂಶ 1994ರಲ್ಲಿ ಬಂತು. ಅಲ್ಲಿಯವರೆಗೆ ಉರ್ದು ಪತ್ರಿಕೆ ಎಂದರೆ ಕಾತಿಬರ ಬೆರಳಿನ ಕೆಲಸ. 1927ರಲ್ಲಿ ಆರಂಭವಾದ ಮದರಾಸಿನ 'ದಿ ಮುಸಲ್ಮಾನ್' ಪತ್ರಿಕೆಯಂತೂ ಕಂಪ್ಯೂಟರ್ ಬಂದ ನಂತರವೂ ಕೈಬರಹವನ್ನು ಬಿಡಲಿಲ್ಲ.

ಜಿಸ್ಟ್ ಕಾರ್ಡಿನಿಂದ ಉಪಕಾರವಾದದ್ದು ನಿಜ. ಆದರೆ ಒಂದು ಭಾಷೆಯನ್ನು ಒಂದು ಯಂತ್ರಭಾಗಕ್ಕೆ ಗಂಟು ಹಾಕಿದರೆ ಏನಾಗುತ್ತದೆ ಎಂಬುದನ್ನೂ ಅದು ತೋರಿಸಿತು. ಕಾರ್ಡು ಇದ್ದ ಕಂಪ್ಯೂಟರಿನಲ್ಲಿ ಬರೆದ ಕನ್ನಡ ಕಡತವನ್ನು ಕಾರ್ಡು ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಗೆರೆ, ಮೂಲೆಗೆರೆ, ಗ್ರೀಕ್ ಅಕ್ಷರಗಳ ಕಲಸುಮೇಲೋಗರ. ನಮ್ಮ ನುಡಿಗೆ ಮೇಲಿನ ಖರ್ಚು, ಇಂಗ್ಲಿಷಿಗೆ ಮಾತ್ರ ಪುಕ್ಕಟೆ!

ಈ ಗಂಟನ್ನು ಬಿಚ್ಚಿದ್ದು ಸಾಮಾನ್ಯ ಗ್ರಾಫಿಕ್ಸ್ ಕಾರ್ಡುಗಳ ಬೆಳವಣಿಗೆಯೇ. 1984ರಲ್ಲಿ ಇಜಿಎ ಬಂತು, 640 ಮತ್ತು 350 ಚುಕ್ಕೆಗಳಲ್ಲಿ 16 ಬಣ್ಣ. 1987ರಲ್ಲಿ ವಿಜಿಎ ಬಂತು, 256 ಕೆಬಿ ನೆನಪು, 640 ಮತ್ತು 480 ಚುಕ್ಕೆ. ಮಾನಿಟರಿನ ಹಿಂದೆ ನೀಲಿ ಬಣ್ಣದ, 15 ಸೂಜಿಗಳ ಪ್ಲಗ್ಗನ್ನು ನೋಡಿದವರೆಲ್ಲರೂ ವಿಜಿಎಯನ್ನು ನೋಡಿದವರೇ. 1990ರ ವಿಂಡೋಸ್ 3.0 ಹಾಗೂ 1992ರ 3.1 ಆವೃತ್ತಿಗಳು ಪರದೆಯ ಮೇಲಿನ ಎಲ್ಲವನ್ನೂ ಚಿತ್ರವಾಗಿಯೇ ಬರೆಯತೊಡಗಿದವು. ಅಕ್ಷರವೂ ಒಂದು ಚಿತ್ರವಷ್ಟೇ. ಚಿಪ್ಪಿನಲ್ಲಿ ಕೆತ್ತಿದ 256 ಆಕಾರಗಳ ಕಾಲ ಮುಗಿಯಿತು. ಫಾಂಟ್ ಎಂಬ ಕಡತದಲ್ಲಿ ಕನ್ನಡವಿದ್ದರೆ ಸಾಕು, ಯಾವ ಕಾರ್ಡಾದರೂ ತೋರಿಸುತ್ತದೆ.

ಅಲ್ಲಿಂದ ಮುಂದಿನದು ತಂತ್ರಾಂಶದ ಕಥೆ. ಮಂಗಳೂರು ಸಮೀಪದ ಕಿನ್ನಿಕಂಬಳದ ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ, ಅವರ 'ಸೇಡಿಯಾಪು' ತಂತ್ರಾಂಶ, ಶ್ರೀಲಿಪಿ, ಪ್ರಕಾಶಕ್, 1998ರ 'ಬರಹ', ಬಳಿಕ ಕನ್ನಡ ಗಣಕ ಪರಿಷತ್ತಿನ 'ನುಡಿ'. ನಮ್ಮೂರುಗಳ ಡಿಟಿಪಿ ಅಂಗಡಿಗಳಲ್ಲಿ ಮದುವೆ ಕಾಗದ ಅಚ್ಚಾದದ್ದು ಇವುಗಳಿಂದಲೇ. 1991ರ ಯುನಿಕೋಡ್ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಸ್ಥಾನಗಳ ಒಂದು ಕೋಣೆ ಸಿಕ್ಕಿತ್ತಾದರೂ, 2001ರಲ್ಲಿ ವಿಂಡೋಸ್ ಎಕ್ಸ್‌ಪಿ 'ತುಂಗಾ' ಫಾಂಟಿನೊಂದಿಗೆ ಬಂದ ಮೇಲೆಯೇ ಮನೆಯ ಕಂಪ್ಯೂಟರಿನಲ್ಲಿ ಅದು ಜೀವ ತಳೆದದ್ದು.

ಇಲ್ಲಿ ನಮ್ಮ ಮನೆಗಳಿಗೆ ನೇರವಾಗಿ ತಟ್ಟುವ ಒಂದು ಮಾತು. 'ಜ'ಕಾರಕ್ಕೂ ಜಾಕಿರ್ ಎಂಬ ಹೆಸರಿನ ಮೊದಲ ಧ್ವನಿಗೂ, 'ಫ'ಕಾರಕ್ಕೂ ಫಾತಿಮಾ ಎಂಬ ಹೆಸರಿನ ಮೊದಲ ಧ್ವನಿಗೂ ವ್ಯತ್ಯಾಸವಿದೆ. ಅದನ್ನು ತೋರಿಸಲು ಅಕ್ಷರದ ಕೆಳಗೆ ಎರಡು ಚುಕ್ಕೆ ಇಡುವುದು ವಾಡಿಕೆ: ಜ಼, ಫ಼. ಈ ಚಿಹ್ನೆಗೆ ಯುನಿಕೋಡ್‌ನಲ್ಲಿ ಸ್ಥಾನ ದೊರೆತದ್ದು 2003ರ 4.0 ಆವೃತ್ತಿಯಲ್ಲಿ. ಅದಕ್ಕೆ ಮುಂಚೆ ಯುನಿಕೋಡ್ ಕನ್ನಡದಲ್ಲಿ ಆ ಚಿಹ್ನೆ ಇರಲೇ ಇಲ್ಲ. ಒಂದು ಕಡೆ ಜಾಕಿರ್, ಇನ್ನೊಂದು ಕಡೆ ಝಾಕೀರ್. ಅಂಕಪಟ್ಟಿಯಲ್ಲಿ ಫಾತಿಮಾ, ಪಡಿತರ ಚೀಟಿಯಲ್ಲಿ ಪಾತೀಮ. ವಿದ್ಯಾರ್ಥಿವೇತನದ ಅರ್ಜಿ ಹಾಕುವಾಗ ಈ ಹೊಂದಾಣಿಕೆಯ ಗೋಳು ಎಷ್ಟೆಂದು ನಮ್ಮ ಮಕ್ಕಳಿಗೆ ಗೊತ್ತು. ಬರೆಯುವವರ ಅಜಾಗರೂಕತೆಯೂ ಇದರಲ್ಲಿ ಸೇರಿರಬಹುದು. ಆದರೆ ಎಂಟು ಚುಕ್ಕೆ ಎತ್ತರದ ಅಕ್ಷರದ ಕಾಲದಲ್ಲಿ ಆ ಎರಡು ಚುಕ್ಕೆಗೆ ಪರದೆಯ ಮೇಲೆ ಜಾಗವೇ ಇರಲಿಲ್ಲ ಎಂಬುದನ್ನೂ ನೆನೆಯಬೇಕು.

ಇದೇ ಹೊತ್ತಿಗೆ ಹಳ್ಳಿಯ ರೈತನೂ ಕಂಪ್ಯೂಟರ್ ಪರದೆಯನ್ನು ನೋಡಿದ. ಕರ್ನಾಟಕ ಸರ್ಕಾರದ 'ಭೂಮಿ' ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿ, 2002ರ ಹೊತ್ತಿಗೆ ರಾಜ್ಯದ ತಾಲ್ಲೂಕು ಕಚೇರಿಗಳಲ್ಲಿ 15 ರೂಪಾಯಿಗೆ ಮುದ್ರಿತ ಪ್ರತಿ ಸಿಗುವಂತೆ ಮಾಡಲಾಯಿತು. ಆ ಕೇಂದ್ರಗಳಲ್ಲಿ ನೌಕರರ ಮುಂದೆ ಒಂದು ಪರದೆ, ಕಿಟಕಿಯಾಚೆ ನಿಂತ ರೈತನ ಕಡೆಗೆ ಮುಖ ಮಾಡಿದ ಇನ್ನೊಂದು ಪರದೆ ಇತ್ತು. ತನ್ನ ಹೆಸರು, ಸರ್ವೆ ನಂಬರು, ಎಕರೆ ಗುಂಟೆ ಇವನ್ನು ರೈತ ತನ್ನ ಕಣ್ಣಿನಿಂದಲೇ ನೋಡಿ ಸರಿ ಎನ್ನಬಹುದಾಗಿತ್ತು. ಎರಡು ಪರದೆಗೆ ಒಂದೇ ಚಿತ್ರ ಕಳುಹಿಸುವುದು ತಾಂತ್ರಿಕವಾಗಿ ದೊಡ್ಡ ಸಂಗತಿಯೇನಲ್ಲ. ಆದರೂ ಗ್ರಾಫಿಕ್ಸ್ ತಂತ್ರಜ್ಞಾನದಿಂದ ಕರ್ನಾಟಕದಲ್ಲಿ ಆದ ಉಪಯೋಗಗಳ ಪೈಕಿ ಈ ಲೇಖಕನಿಗೆ ಎಲ್ಲಕ್ಕಿಂತ ಮೇಲಾಗಿ ಕಾಣುವುದು ಇದೇ.

ಇಷ್ಟರಲ್ಲಿ ಕಾರ್ಡುಗಳು ಇನ್ನೊಂದು ದಾರಿ ಹಿಡಿದಿದ್ದವು. 1991ರಲ್ಲಿ ಎಸ್3 ಸಂಸ್ಥೆಯು ವಿಂಡೋಸಿನ ಗೆರೆ, ಚೌಕಗಳನ್ನು ತಾನೇ ಎಳೆಯುವ ಚಿಪ್ಪನ್ನು ತಂದಿತು. 1996ರಲ್ಲಿ 3ಡಿಎಫ್‌ಎಕ್ಸ್‌ನ ವೂಡೂ ಕಾರ್ಡು 4 ಎಂಬಿ ನೆನಪಿನೊಂದಿಗೆ ಮೂರು ಆಯಾಮದ ಆಟಗಳಿಗೆ ಹೊಸ ಕಳೆ ಕೊಟ್ಟಿತು. ಎನ್‌ವಿಡಿಯಾ ಎಂಬ, 1993ರಲ್ಲಿ ಹುಟ್ಟಿದ ಸಂಸ್ಥೆ 1999ರಲ್ಲಿ ಜಿಫೋರ್ಸ್ 256 ಕಾರ್ಡನ್ನು ತಂದು ಅದರ ಚಿಪ್ಪಿಗೆ 'ಜಿಪಿಯು' ಎಂದು ಹೆಸರಿಟ್ಟಿತು. ಎದುರಾಳಿಯಾಗಿದ್ದ ಎಟಿಐಯನ್ನು 2006ರಲ್ಲಿ ಎಎಂಡಿ ಕೊಂಡಿತು. ಈ ಪೈಪೋಟಿಯ ವಿವರಕ್ಕೆ ಕೊನೆಯಿಲ್ಲ, ಇಲ್ಲಿಗೆ ಬಿಡೋಣ.

ಬಿಡಲಾಗದ ವರ್ಷ 2006. ಆ ನವೆಂಬರಿನಲ್ಲಿ ಬಂದ ಜಿಫೋರ್ಸ್ 8800 ಜಿಟಿಎಕ್ಸ್ ಕಾರ್ಡಿನಲ್ಲಿ 128 ಸಣ್ಣ ಸಂಸ್ಕಾರಕಗಳು, 768 ಎಂಬಿ ನೆನಪು, 68 ಕೋಟಿಗೂ ಮಿಕ್ಕಿದ ಟ್ರಾನ್ಸಿಸ್ಟರುಗಳಿದ್ದವು. ಜೊತೆಗೆ ಬಂದ 'ಕುಡಾ' ಎಂಬ ವ್ಯವಸ್ಥೆಯಿಂದ ಈ ಸಂಸ್ಕಾರಕಗಳನ್ನು ಚಿತ್ರಕ್ಕೆ ಮಾತ್ರವಲ್ಲದೆ ಯಾವುದೇ ಲೆಕ್ಕಕ್ಕೆ ಬಳಸಬಹುದಾಯಿತು. ಕಬಿನಿ ನಾಲೆಯ ಬಯಲಿನಲ್ಲಿ ಭತ್ತದ ನಾಟಿ ನೋಡಿದವರಿಗೆ ಇದು ಸುಲಭವಾಗಿ ಅರ್ಥವಾದೀತು. ಎಷ್ಟೇ ಚುರುಕಿನ ಒಬ್ಬಾಳು ಎಕರೆ ಗದ್ದೆಗೆ ದಿನಗಟ್ಟಲೆ ತೆಗೆದುಕೊಳ್ಳುತ್ತಾನೆ. ನಲವತ್ತು ಹೆಣ್ಣಾಳು ಸಾಲಾಗಿ ನಿಂತು ಒಂದೇ ಬಗೆಯ ಕೆಲಸ ಮಾಡಿದರೆ ಮಧ್ಯಾಹ್ನದೊಳಗೆ ಗದ್ದೆ ಹಸಿರು. ಮುಖ್ಯ ಸಂಸ್ಕಾರಕ ಆ ಚುರುಕಿನ ಒಬ್ಬಾಳು, ಜಿಪಿಯು ಆ ಸಾಲು. ಇಂದಿನ ಸಾಮಾನ್ಯ ಪರದೆಯಲ್ಲಿ 20,73,600 ಚುಕ್ಕೆಗಳಿವೆ. ಸೆಕೆಂಡಿಗೆ 60 ಬಾರಿ ಬರೆದರೆ 12 ಕೋಟಿಗೂ ಹೆಚ್ಚು ಚುಕ್ಕೆ, ಎಲ್ಲದಕ್ಕೂ ಒಂದೇ ಬಗೆಯ ಲೆಕ್ಕ. ಕೃತಕ ಬುದ್ಧಿಮತ್ತೆಯ ಲೆಕ್ಕವೂ ಇದೇ ಜಾತಿಯದು. 2012ರಲ್ಲಿ ಟೊರೊಂಟೊ ವಿಶ್ವವಿದ್ಯಾಲಯದ ಮೂವರು, 3 ಜಿಬಿ ನೆನಪಿನ ಎರಡು ಜಿಟಿಎಕ್ಸ್ 580 ಕಾರ್ಡುಗಳಲ್ಲಿ, 12 ಲಕ್ಷ ಚಿತ್ರಗಳನ್ನು ತೋರಿಸಿ ಕಂಪ್ಯೂಟರಿಗೆ ವಸ್ತುಗಳನ್ನು ಗುರುತಿಸಲು ಕಲಿಸಿದರು. ತರಬೇತಿಗೆ ಹಿಡಿದದ್ದು ಐದಾರು ದಿನ. ಆಟಕ್ಕೆಂದು ಅಂಗಡಿಯಲ್ಲಿ ಮಾರುತ್ತಿದ್ದ ಕಾರ್ಡುಗಳವು.

ಈ ವಿದ್ಯೆ ಬೇಗೂರಿನ ಬೇಲಿಯವರೆಗೂ ಬಂದಿದೆ. ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶದ ಒಂದು ವಲಯಕ್ಕೆ ಎನ್. ಬೇಗೂರಿನದೇ ಹೆಸರು. 2018ರ ಅಖಿಲ ಭಾರತ ಹುಲಿ ಗಣತಿಯಲ್ಲಿ ದೇಶದ ಕಾಡುಗಳ 26,838 ಜಾಗಗಳಲ್ಲಿ ಕ್ಯಾಮೆರಾ ಕಟ್ಟಿ 3,48,58,623 ಚಿತ್ರಗಳನ್ನು ತೆಗೆಯಲಾಯಿತು. ಅವುಗಳಲ್ಲಿ ಹುಲಿಯ ಚಿತ್ರ 76,651 ಮಾತ್ರ. ಮೂರೂವರೆ ಕೋಟಿ ಚಿತ್ರಗಳನ್ನು ಮನುಷ್ಯರು ಒಂದೊಂದಾಗಿ ನೋಡಿ ಬೇರ್ಪಡಿಸುವುದು ಆಗದ ಮಾತು. ಯಾವ ಚಿತ್ರದಲ್ಲಿ ಯಾವ ಪ್ರಾಣಿ ಎಂದು ವಿಂಗಡಿಸಲು ಇಂಥ ಕಲಿತ ತಂತ್ರಾಂಶವನ್ನೇ ಬಳಸಿದರು. ಹಾಗೆಯೇ 2023ರಲ್ಲಿ ಚೆನ್ನೈ ಐಐಟಿಯ 'ಎಐ4ಭಾರತ್' ಹೊರತಂದ ಅನುವಾದ ತಂತ್ರಾಂಶವು ಸಂವಿಧಾನದ ಎಂಟನೆಯ ಅನುಸೂಚಿಯ 22 ಭಾಷೆಗಳನ್ನೂ ಬಲ್ಲುದು. ಕನ್ನಡವೂ ಉರ್ದುವೂ ಅದರಲ್ಲಿವೆ. ಒಮ್ಮೆ ಅಕ್ಷರ ತೋರಿಸಲೂ ಆಗದಿದ್ದ ಕಾರ್ಡಿನ ಸಂತತಿ ಈಗ ಆ ಭಾಷೆಯ ವಾಕ್ಯವನ್ನೇ ಕಲಿಯುತ್ತಿದೆ. ಆದರೆ ಹಳೆಯ ಗಂಟು ಹೊಸ ರೂಪದಲ್ಲಿ ಮರಳಿದೆ ಎಂಬ ಅನುಮಾನವೂ ಇಲ್ಲದಿಲ್ಲ. ಕುಡಾ ನಡೆಯುವುದು ಒಂದೇ ಸಂಸ್ಥೆಯ ಕಾರ್ಡಿನಲ್ಲಿ. ಅಂದು ಜಿಸ್ಟ್ ಇದ್ದವರಿಗೆ ಕನ್ನಡ, ಇಂದು ದುಬಾರಿ ಕಾರ್ಡು ಇದ್ದವರಿಗೆ ಕಲಿಕೆ ಎಂದಾಗಬಾರದು. ಕೇಂದ್ರ ಸಚಿವ ಸಂಪುಟವು 2024ರ ಮಾರ್ಚಿನಲ್ಲಿ 10,371.92 ಕೋಟಿ ರೂಪಾಯಿಯ ಇಂಡಿಯಾ ಎಐ ಯೋಜನೆಗೆ ಒಪ್ಪಿಗೆಯಿತ್ತು, 10,000ಕ್ಕೂ ಹೆಚ್ಚು ಜಿಪಿಯುಗಳನ್ನು ಹಂಚಿಕೊಂಡು ಬಳಸುವ ವ್ಯವಸ್ಥೆಗೆ ಕೈ ಹಾಕಿದ್ದು ಈ ದೃಷ್ಟಿಯಿಂದ ಸರಿಯಾದ ಹೆಜ್ಜೆ.

ಇನ್ನು ಅಂಗಡಿಯ ಪೆಟ್ಟಿಗೆಗೆ ಬರೋಣ. ದೊಡ್ಡ ಅಕ್ಷರದಲ್ಲಿ ಬರೆದಿರುವುದು ನೆನಪಿನ ಗಾತ್ರ, ಸಣ್ಣ ಅಕ್ಷರದಲ್ಲಿರುವುದು ನೆನಪಿನ ವೇಗ. ನೋಡಬೇಕಾದದ್ದು ಸಣ್ಣದನ್ನು. ನೆನಪಿನ ದಾರಿ ಎಷ್ಟು ಬಿಟ್ ಅಗಲವೋ ಅದನ್ನು 8ರಿಂದ ಭಾಗಿಸಿ, ಪ್ರತಿ ತಂತಿಯ ವೇಗದಿಂದ ಗುಣಿಸಿದರೆ ಸೆಕೆಂಡಿಗೆ ಎಷ್ಟು ಜಿಬಿ ಸಾಗುತ್ತದೆಂದು ತಿಳಿಯುತ್ತದೆ. 2017ರ ಜಿಟಿ 1030 ಕಾರ್ಡು 2 ಜಿಬಿ, 64 ಬಿಟ್, ಜಿಡಿಡಿಆರ್5 ನೆನಪಿನದು. ಲೆಕ್ಕ ಹಾಕಿದರೆ ಸೆಕೆಂಡಿಗೆ 48 ಜಿಬಿ. ಮರುವರ್ಷ ಅದೇ ಹೆಸರಿನಲ್ಲಿ ಅದೇ 2 ಜಿಬಿಯ ಇನ್ನೊಂದು ಕಾರ್ಡು ಬಂತು, ಡಿಡಿಆರ್4 ನೆನಪಿನದು. ವೇಗ 16.8 ಜಿಬಿ, ಅಂದರೆ ಮೂರನೆಯ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ಆರ್‌ಟಿಎಕ್ಸ್ 3060 ಎಂಬುದರಲ್ಲೂ 12 ಜಿಬಿ, 192 ಬಿಟ್, 360 ಜಿಬಿ ವೇಗದ್ದು ಒಂದು. 8 ಜಿಬಿ, 128 ಬಿಟ್, 240 ಜಿಬಿ ವೇಗದ್ದು ಇನ್ನೊಂದು. ಹೆಸರು ಕೇಳಿ ಹಣ ಕೊಟ್ಟವರಿಗೆ ಯಾವುದು ಕೈಗೆ ಬಂತೆಂಬುದು ಗೊತ್ತಾಗುವುದಿಲ್ಲ.

ಟೈಪಿಂಗ್, ಟ್ಯಾಲಿ, ಡಿಟಿಪಿ, ಪಾಠದ ವಿಡಿಯೋ ಇಷ್ಟೇ ಆದರೆ ಸಂಸ್ಕಾರಕದೊಳಗೇ ಇರುವ ಗ್ರಾಫಿಕ್ಸ್ ಧಾರಾಳ ಸಾಕು, ಬೇರೆ ಕಾರ್ಡಿಗೆ ಹಣ ಸುರಿಯಬೇಕಿಲ್ಲ. ಸಂಸ್ಕಾರಕದಲ್ಲಿ ಗ್ರಾಫಿಕ್ಸ್ ಇದೆಯೇ ಎಂದು ಮಾತ್ರ ಮೊದಲೇ ವಿಚಾರಿಸಬೇಕು, ಏಕೆಂದರೆ ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ 'ಎಫ್' ಇರುವವುಗಳಲ್ಲಿ ಅದು ಇರುವುದಿಲ್ಲ. ಮೂರು ಆಯಾಮದ ವಿನ್ಯಾಸ ಕಲಿಯುವ ಇಂಜಿನಿಯರಿಂಗ್ ವಿದ್ಯಾರ್ಥಿಗೆ 4ರಿಂದ 8 ಜಿಬಿಯ ಕಾರ್ಡು ಉಪಯುಕ್ತ. ಕೃತಕ ಬುದ್ಧಿಮತ್ತೆಯ ಅಭ್ಯಾಸಕ್ಕಾದರೆ ನೆನಪೇ ಪ್ರಧಾನ. 700 ಕೋಟಿ ಅಂಕಿಗಳ ಒಂದು ಭಾಷಾ ಮಾದರಿಯನ್ನು ಅಂಕಿಗೆ 16 ಬಿಟ್‌ನಂತೆ ಇಟ್ಟರೆ 14 ಜಿಬಿ ಬೇಕು, 12 ಜಿಬಿ ಕಾರ್ಡಿನಲ್ಲಿ ಹಿಡಿಸದು. 4 ಬಿಟ್‌ಗೆ ಕುಗ್ಗಿಸಿದರೆ 3.5 ಜಿಬಿಯಲ್ಲಿ ಕೂರುತ್ತದೆ. ಕಲಿಯುವ ಮೊದಲ ವರ್ಷ ಕಾರ್ಡು ಕೊಳ್ಳದೆ ಗೂಗಲ್ ಕೊಲ್ಯಾಬ್‌ನಲ್ಲಿ ಮಿತಿಯೊಳಗೆ ಪುಕ್ಕಟೆ ಸಿಗುವ ಜಿಪಿಯುವನ್ನೇ ಬಳಸಬಹುದು.

ಕೊನೆಯದು ವಿದ್ಯುತ್ತು. ಮದರ್‌ಬೋರ್ಡಿನ ಸ್ಲಾಟಿನಿಂದ ಕಾರ್ಡಿಗೆ ಸಿಗುವುದು ಹೆಚ್ಚೆಂದರೆ 75 ವ್ಯಾಟ್. 30 ವ್ಯಾಟಿನ ಜಿಟಿ 1030, 75 ವ್ಯಾಟಿನ ಜಿಟಿಎಕ್ಸ್ 1650 ಇಷ್ಟರಲ್ಲೇ ನಡೆಯುತ್ತವೆ. 170 ವ್ಯಾಟಿನ ಆರ್‌ಟಿಎಕ್ಸ್ 3060ಕ್ಕೆ ಪವರ್ ಸಪ್ಲೈಯಿಂದ ಬೇರೆ ತಂತಿ ಎಳೆಯಬೇಕು. 2022ರ ಆರ್‌ಟಿಎಕ್ಸ್ 4090 ಒಂದೇ 450 ವ್ಯಾಟ್ ಕೇಳುತ್ತದೆ. ಮನೆಗಳಲ್ಲಿ ಸಾಮಾನ್ಯವಾಗಿ ಇಡುವ 600 ವಿಎ ಯುಪಿಎಸ್ ಹೊರುವುದು ಸುಮಾರು 360 ವ್ಯಾಟ್ ಮಾತ್ರ. ಕರೆಂಟು ಹೋದ ಕ್ಷಣದಲ್ಲಿ ಕಾರ್ಡು ಪೂರ್ಣ ಕೆಲಸದಲ್ಲಿದ್ದರೆ ಯುಪಿಎಸ್ ಕೂಡ ಕೈಚೆಲ್ಲುತ್ತದೆ. ದಿನಕ್ಕೆ ಹಲವು ಸಲ ಕರೆಂಟು ಹೋಗಿ ಬರುವ ಊರಿನವರು ಕಾರ್ಡಿನ ಬೆಲೆಯೊಂದಿಗೆ ಪವರ್ ಸಪ್ಲೈ ಮತ್ತು ಯುಪಿಎಸ್ಸಿನ ಬೆಲೆಯನ್ನೂ ಕೂಡಿಸಿಯೇ ಬಿಲ್ಲು ಬರೆಸುವುದು ಒಳ್ಳೆಯದು.